ಮಹಿಳಾ ದಿನದ ನಾಲ್ಕನೇ ಪುಟ

ಹೆಂಗಸರ ಸಭೆ ಅಂತ ಕರೆದರೆ ಸಾಕು, ಏನಾದರೊಂದು ಆಗಿಯೇ ತೀರುತ್ತದೆ. ಅದನ್ನು ಬರೆದಿಡಲು ನಾನಿದ್ದೇನೆ. ದಾವಣಗೆರೆಯಲ್ಲಿ ನಮ್ಮ ಬಡಾವಣೆಯ ಮಹಿಳಾ ಸಂಘಕ್ಕೆ ನಾನು ಕಾರ್ಯದರ್ಶಿ. ಇತಿಹಾಸದಲ್ಲಿ ಬಿ.ಎ., ಅದೂ ಮೊದಲ ದರ್ಜೆ. ಸೊಸೆಯಂದಿರು ಬರುವ ಮೊದಲೇ ಅವರಿಗೆ ಈ ವಿಷಯ ತಿಳಿಸಲಾಗಿತ್ತು.

ಮಾರ್ಚ್ ಎಂಟರ ಮಹಿಳಾ ದಿನ ಎಲ್ಲಿಂದ ಬಂತು, ಯಾಕೆ ಬಂತು ಎಂಬುದರ ಮೇಲೆ ನಾಲ್ಕು ಪುಟದ ಭಾಷಣ ಬರೆದು ಆರು ವರ್ಷವಾಯಿತು. ಅದನ್ನು ಒಮ್ಮೆಯಾದರೂ ಕೊನೆಯ ಸಾಲಿನವರೆಗೆ ಸಭೆಯಲ್ಲಿ ಓದಬೇಕು. ನನ್ನ ಆಸೆ ಇಷ್ಟೇ. ಪ್ರತಿ ಫೆಬ್ರವರಿಯಲ್ಲಿ ಯಜಮಾನರ ಮುಂದೆ ಓದಿ ಅಭ್ಯಾಸ ಮಾಡುತ್ತೇನೆ. ಅವರು ಗಡ್ಡಕ್ಕೆ ಸೋಪು ಹಚ್ಚಿಕೊಂಡ ಮೇಲೇ ಶುರುಮಾಡುತ್ತೇನೆ, ಆಗ ಎದ್ದು ಹೋಗಲಾರರು.

ಒಂದನೇ ಪುಟ

ಮೊದಲ ವರ್ಷ ವೇದಿಕೆಯ ಮೇಲೆ ಐದು ಕುರ್ಚಿ, ಐದರಲ್ಲೂ ಗಂಡಸರು. ಭಾಷಣ ಮಾಡಬೇಕಾದ ನಾನು ಮೈಕಿನ ಪಕ್ಕದ ಕಂಬಕ್ಕೆ ಒರಗಿ ನಿಂತಿದ್ದೆ. ಐವರೂ ತಮ್ಮ ತಮ್ಮ ತಾಯಿಯ ಬಗ್ಗೆ ಮಾತಾಡಿದರು. ಐದನೆಯವರು ಅತ್ತೂಬಿಟ್ಟರು. ಅವರನ್ನು ಸಮಾಧಾನ ಮಾಡಿ, ಶಾಲು ಹೊದಿಸಿ, ಕಾರು ಹತ್ತಿಸಿ ಬರುವಷ್ಟರಲ್ಲಿ ಒಂದೂವರೆ ತಾಸು.

ನಾನು ಮೈಕು ಹಿಡಿದೆ. ನಮ್ಮೂರಿನಂತೆಯೇ ಬಟ್ಟೆಯ ಕಾರ್ಖಾನೆಗಳಿದ್ದ ನ್ಯೂಯಾರ್ಕಿನಲ್ಲಿ, ಹೊಲಿಯುವ ಹೆಣ್ಣುಮಕ್ಕಳು ಒಂದು ದಿನ ಬೀದಿಗೆ ಇಳಿದರು ಎಂದು ಹೇಳಬೇಕಿತ್ತು. "ಒಂದು ದಿನ" ಎನ್ನುವಷ್ಟರಲ್ಲಿ ಬಾಗಿಲಿನಿಂದ ಒಂದು ದನಿ ಬಂತು: "ನಳ ಬಂತ್ರೇ!"

ನಮ್ಮ ಕಡೆ ನಳದಲ್ಲಿ ನೀರು ಬರುವುದು ವಾರಕ್ಕೊಮ್ಮೆ. ನ್ಯೂಯಾರ್ಕಿನವರು ಇನ್ನೂ ಬೀದಿಗೆ ಇಳಿದಿರಲಿಲ್ಲ, ನಮ್ಮವರು ಕೊಡ ಹಿಡಿದು ಇಳಿದಾಗಿತ್ತು.

ಎರಡನೇ ಪುಟ

ಒಂದು ವರ್ಷ ಹರಿಹರದ ಮಹಿಳಾ ಮಂಡಳಿಯವರು ಕರೆದರು. ಬಸ್ಸಿಳಿದು ಹೋದರೆ ಬಾಗಿಲಿಗೆ ತೋರಣ, ಒಳಗೆ ಅರಿಶಿನ ಕುಂಕುಮದ ತಟ್ಟೆ. ಒಬ್ಬ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದು, ಈ ದಿನಕ್ಕೆ ಉಪವಾಸ ಪೂರ್ತಿಯೋ ಅಥವಾ ಫಲಾಹಾರ ನಡೆಯುತ್ತದೋ ಎಂದು ವಿಚಾರಿಸಿದರು. ಉಪವಾಸವೇ ಇಲ್ಲ ಎಂದೆ. ಅವರ ಮುಖದಲ್ಲಿ ಆ ದಿನದ ಮೇಲಿನ ಗೌರವ ಅರ್ಧ ಇಳಿಯಿತು.

"ಹೋಗ್ಲಿ ಬಿಡ್ರಿ, ಕಥಿ ಓದ್ರಿ," ಎಂದರು. ಎಲ್ಲರ ಕೈಗೂ ಅಕ್ಷತೆ ಬಂತು.

ನನಗೆ ಒಳಗೊಳಗೇ ಸಂತೋಷ. ವ್ರತದ ಕಥೆಯ ನಡುವೆ ಯಾರೂ ಏಳುವುದಿಲ್ಲ, ಎದ್ದರೆ ಫಲವಿಲ್ಲ. ಒಂದನೇ ಪುಟ ಸರಾಗವಾಗಿ ಮುಗಿಯಿತು. ಎರಡನೇ ಪುಟದಲ್ಲಿ, ಕೋಪನ್‌ಹೇಗನ್ನಿನಲ್ಲಿ ನಾನಾ ದೇಶದ ಹೆಂಗಸರು ಸಭೆ ಸೇರಿ, ವರ್ಷಕ್ಕೊಂದು ದಿನ ನಮ್ಮದಾಗಿರಲಿ ಎಂದಾಗ ಎಲ್ಲರೂ ಒಪ್ಪಿದರು ಎಂದು ಓದಿ, ಉಸಿರು ತೆಗೆದುಕೊಳ್ಳಲು ನಿಂತೆ. ನಿಲ್ಲಬಾರದಿತ್ತು. ಎಲ್ಲರೂ ಒಪ್ಪಿದ ಮೇಲೆ ಕಥೆಯಲ್ಲಿ ಇನ್ನೇನು ಉಳಿಯುತ್ತದೆ? ಅಜ್ಜಿ ಅಕ್ಷತೆ ಹಾಕಿಯೇಬಿಟ್ಟರು. ಹಿಂದೆಯೇ ನಲವತ್ತು ಕೈ. ನನ್ನ ಕನ್ನಡಕದ ತುಂಬ ಅಕ್ಕಿಕಾಳು.

ಆರತಿಯಾಯಿತು. ಉಡಿ ತುಂಬಿಸಿಕೊಂಡು ಮನೆಗೆ ಬಂದೆ.

ಮೂರನೇ ಪುಟ

ಕಳೆದ ವರ್ಷ ನಮ್ಮ ಸಂಘದಲ್ಲೇ ಮೂರನೇ ಪುಟ ಮುಟ್ಟಿದೆ. ಅದರಲ್ಲಿ ಆ ಹೆಣ್ಣುಮಕ್ಕಳ ಬೇಡಿಕೆಗಳಿವೆ: ಮತ ಹಾಕುವ ಹಕ್ಕು, ಸರಿಯಾದ ಕೂಲಿ, ಕೆಲಸದ ಹೊತ್ತು ಕಡಿಮೆಯಾಗಬೇಕು. ಅಷ್ಟಕ್ಕೆ ಅಧ್ಯಕ್ಷೆಯ ಅತ್ತೆ, ಮಾಯಕೊಂಡದಿಂದ ಬಂದಿದ್ದವರು, ಕೈ ಎತ್ತಿದರು.

"ಕಾರ್ಖಾನಿ ಕೆಲ್ಸ ಕಡಿಮಿ ಮಾಡ್ರಿ ಅಂತ ಧಣಿಗೆ ಹೇಳಿದ್ರು, ಸರಿ. ಮನಿ ಕೆಲ್ಸ ಕಡಿಮಿ ಮಾಡ್ರಿ ಅಂತ ಯಾರಿಗೆ ಹೇಳಿದ್ರವ್ವ?"

ಅದು ನನ್ನ ನಾಲ್ಕು ಪುಟದಲ್ಲಿ ಎಲ್ಲೂ ಇರಲಿಲ್ಲ. ಚರ್ಚೆ ಕಾವೇರಿತು. ಮಹಿಳಾ ದಿನದ ಊಟಕ್ಕೆ ಬೆಳಗ್ಗೆ ಐದಕ್ಕೆ ಎದ್ದು ಸಾರು ಕುದಿಸಿದವರು ಯಾರು, ನಾವೇ ಅಲ್ಲವೇ ಎಂದು ಯಾರೋ ಕೇಳಿದರು. ಕೊನೆಗೆ ಠರಾವು: "ಮುಂದಿನ ವರ್ಷದಿಂದ ಮಹಿಳಾ ದಿನದ ಅಡುಗೆ ಸದಸ್ಯೆಯರ ಯಜಮಾನರದು." ಠರಾವು ಬರೆದು ಮುಗಿಸಿದಾಗ ಊಟದ ಹೊತ್ತು. ಭಾಷಣ ಅಲ್ಲಿಗೇ ನಿಂತಿತು.

ನಾಲ್ಕನೇ ಪುಟ

ಈ ವರ್ಷ ಒಂಬತ್ತು ಮಂದಿ ಯಜಮಾನರು ಸಭೆ ನಡೆಯುವ ಭವನದ ಅಡುಗೆಮನೆ ಸೇರಿದರು. ಅನ್ನ, ಸಾರು, ಮೆಣಸಿನಕಾಯಿ ಬಜ್ಜಿ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ತೋರಿಸಿ ಬರಲು ನಾನೂ ಒಮ್ಮೆ ಹೋಗಿದ್ದೆ. ಭಾಷಣದ ಫೈಲನ್ನು ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟಿದ್ದೆ, ಬರುವಾಗ ಮರೆಯದೆ ತಂದೆ.

ಭಾಷಣ ಶುರುವಾಯಿತು. ನಳದ ದಿನವಲ್ಲ, ಅಕ್ಷತೆಯೂ ಇಲ್ಲ. ಆದರೆ ಒಂದನೇ ಪುಟದ ನಡುವೆ ಒಗ್ಗರಣೆ ಸೀದ ವಾಸನೆ ಬಂತು. ಮುಂದಿನ ಸಾಲಿನಲ್ಲಿ ಮೂಗುಗಳು ಎದ್ದವು. ಒಬ್ಬರು ನೀರು ಕುಡಿದು ಬರುತ್ತೇನೆಂದು ಹೋದರು. ಇನ್ನೊಬ್ಬರು ಉಪ್ಪು ನೋಡಿ ಬರಲು ಹೋದರು. ಹೋದವರನ್ನು ಕರೆತರಲು ಹೋದ ಅಧ್ಯಕ್ಷೆಯೂ ಬರಲಿಲ್ಲ. ಒಳಗಿನಿಂದ ಅವರ ದನಿ ಮಾತ್ರ ಬಂತು: "ಸರೀರಿ ಅತ್ಲಾಗೆ, ಬಜ್ಜಿ ಹಿಂಗೇನ್ರಿ ಬಿಡೋದು?"

ಎರಡನೇ ಪುಟಕ್ಕೆ ಭವನ ಖಾಲಿ. ಆದರೆ ಹೊರದಬ್ಬಿಸಿಕೊಂಡ ಯಜಮಾನರು ಒಬ್ಬೊಬ್ಬರಾಗಿ ಬಂದು, ಬೇರೆಲ್ಲಿ ಹೋಗಬೇಕೋ ತಿಳಿಯದೆ, ಖಾಲಿ ಕುರ್ಚಿಗಳಲ್ಲಿ ಕುಳಿತರು. ಊಟ ಆಗದೆ ಮನೆಗೆ ಹೋಗುವಂತಿರಲಿಲ್ಲ. ನಾನು ಓದಿದೆ. ಜೀವನದಲ್ಲಿ ಅಷ್ಟು ಶಿಸ್ತಿನ ಸಭೆ ಕಂಡಿಲ್ಲ. ಮೂರು ಪುಟ ಮುಗಿಯಿತು. ಹಾಳೆ ಮಗುಚಿದೆ. ನಾಲ್ಕನೆಯದು ಇರಲಿಲ್ಲ.

ಫೈಲು ತಡಕಾಡುತ್ತಿರುವಾಗ ಮೂರನೇ ಸಾಲಿನಿಂದ ಯಜಮಾನರಲ್ಲೊಬ್ಬರಾದ ದಲಾಲಿ ಅಂಗಡಿಯವರು ಎದ್ದು ನಿಂತರು. "ಅಮ್ಮಾರೆ, ತಪ್ ತಿಳೀಬ್ಯಾಡ್ರಿ. ಬಜ್ಜಿ ಎಣ್ಣಿ ಹೀರ್ಲಿ ಅಂತ ಕಟ್ಟೆ ಮ್ಯಾಲಿದ್ದ ಫೈಲಿಂದ ಒಂದು ಹಾಳಿ ತಗಂಡಿದ್ವಿ. ಕೊನೇದು, ಬೇಕಾಗಲ್ಲ ಅಂದ್ಕಂಡ್ವಿ."

ಆರು ವರ್ಷದ ಮೇಲೆ ಬಾಗಿಲವರೆಗೆ ಬಂದು ಎಡವಿದಂತಾಯಿತು.

ಆಗ ಹಿಂದಿನ ಸಾಲಿನಲ್ಲಿ, ಮೊಣಕೈವರೆಗೆ ಕಡಲೆಹಿಟ್ಟು ಮೆತ್ತಿಕೊಂಡಿದ್ದ ನಮ್ಮ ಯಜಮಾನರು ಎದ್ದರು. ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ರಷ್ಯಾದ ಹೆಣ್ಣುಮಕ್ಕಳು ರೊಟ್ಟಿ ಬೇಕು, ಶಾಂತಿ ಬೇಕು ಎಂದು ಬೀದಿಗೆ ಇಳಿದದ್ದು, ಅವರ ಪಂಚಾಂಗದ ಫೆಬ್ರವರಿ ಇಪ್ಪತ್ಮೂರು ಉಳಿದವರಿಗೆ ಮಾರ್ಚ್ ಎಂಟಾದದ್ದು, ವಿಶ್ವಸಂಸ್ಥೆ ಆ ದಿನವನ್ನು ಒಪ್ಪಿಕೊಂಡದ್ದು, ಒಂದಕ್ಷರ ಬಿಡಲಿಲ್ಲ. ಪ್ಯಾರಾ ಮುಗಿದಾಗಲೆಲ್ಲ ಮುಖ ಒಂದು ಕಡೆ ವಾಲಿಸಿ, ಗಲ್ಲದ ಮೇಲೆ ಬೆರಳು ಎಳೆಯುತ್ತಿದ್ದರು. ಕೊನೆಯ ಸಾಲನ್ನೂ ಹೇಳಿದರು: "ಈ ದಿನ ಹೆಣ್ಣನ್ನು ಹೊಗಳುವುದಕ್ಕಲ್ಲ, ಅವಳ ಮಾತನ್ನು ಪೂರ್ತಿ ಕೇಳುವುದಕ್ಕೆ."

ಚಪ್ಪಾಳೆ ಬಿದ್ದದ್ದು ಅಡುಗೆಮನೆಯ ಬಾಗಿಲಿನಿಂದ. ಸಂಘವೆಲ್ಲ ಸೌಟು, ಬಜ್ಜಿ ಎತ್ತುವ ಜಾಲರಿ ಹಿಡಿದು ಅಲ್ಲಿ ನಿಂತಿತ್ತು. ಅಧ್ಯಕ್ಷೆ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದರು.

"ಎಷ್ಟ್ ಚಂದ ಮಾತಾಡ್ತಾರ್ರಿ ನಿಮ್ ಮನಿಯವ್ರು. ಇಂಥಾ ವಿಷಯ ಐತೆ ಅಂತ ನಮಗ್ ಗೊತ್ತೇ ಇರ್ಲಿಲ್ಲ."

ನಡಾವಳಿ ಪುಸ್ತಕದಲ್ಲಿ ಆ ದಿನದ ಬರಹ ಹೀಗಿದೆ: "ಕಾರ್ಯದರ್ಶಿಯವರ ಭಾಷಣ ಸಂಪೂರ್ಣವಾಯಿತು. ಹಾಜರಿದ್ದ ಮಹಿಳೆಯರು: ಒಬ್ಬರು, ಕಾರ್ಯದರ್ಶಿ. ಕಾರ್ಯದರ್ಶಿಯವರ ಯಜಮಾನರು ಇನ್ನು ಮುಂದೆ ಫೆಬ್ರವರಿಯಲ್ಲಿ ಗಡ್ಡ ಬಿಡುವುದಾಗಿ ತಿಳಿಸಿದರು. ಅದಕ್ಕೆ ಅನುಮತಿ ನೀಡಲಾಗಿಲ್ಲ."