ಗೇಟ್‌ಮನ್ ಸುಧಾಕರನ ಬೆಲ್ ಪರೀಕ್ಷೆ

ಸುಧಾಕರ್ ಹಲ್ಲುಜ್ಜುತ್ತ ಪಾಠ ಒಪ್ಪಿಸದೆ ಇದ್ದಿದ್ದರೆ ಆ ದಿನ ಏನೂ ಆಗುತ್ತಿರಲಿಲ್ಲ. ಚಿನ್ನದ ಗಣಿಯ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ನಂದಿದುರ್ಗದ ಲೈನ್ ಮನೆಗಳಿಗೆ ನಡುವೆ ಒಂದೇ ಗೋಡೆ. ಈ ಮನೆಯ ಒಗ್ಗರಣೆಗೆ ಆ ಮನೆಯವರು ಸೀನುತ್ತಾರೆ. ಅಂಥ ಕಡೆ ಬಾಯಿತುಂಬ ನೊರೆ ಇಟ್ಟುಕೊಂಡು "ಹೋಮ್ ಸಿಗ್ನಲ್, ಸ್ಟಾರ್ಟರ್, ಬೆಲ್ ಕೋಡ್" ಎಂದು ಗುನುಗಿದರೆ ಪಕ್ಕದ ಮನೆಯ ಕುಪ್ಪುಸ್ವಾಮಿ ಸುಮ್ಮನಿರುತ್ತಾರೆಯೇ?

ಸುಧಾಕರ್ ಊರಾಚೆಯ ರೈಲ್ವೆ ಗೇಟು ಕಾಯುವವನು. ಸ್ಟೇಷನ್ನಿನಿಂದ ಬೆಲ್ ಬಂದರೆ ಹಿಡಿ ತಿರುಗಿಸಿ ಗೇಟು ಇಳಿಸುತ್ತಾನೆ, ರೈಲು ಹೋದ ಮೇಲೆ ಏರಿಸುತ್ತಾನೆ. ನಡುವೆ ಬೇಕಾದಷ್ಟು ಆಕಾಶ. ಹೊಂಗೆ ನೆರಳಿನಲ್ಲಿ ಕೂತರೆ ದೂರದಲ್ಲಿ ಚಿನ್ನ ಸೋಸಿ ಸುರಿದ ಮಣ್ಣಿನ ಸೈನೈಡ್ ಗುಡ್ಡಗಳು ಬಿಸಿಲಿನಲ್ಲಿ ಮೋಡದ ಹಾಗೆ ತೇಲುತ್ತವೆ. ಮನಸ್ಸು ಆ ಗುಡ್ಡದ ಮೇಲಿದ್ದರೂ ಬೆಲ್ ಕೇಳಿದೊಡನೆ ಕೈ ತಾನಾಗಿ ಗೇಟಿಗೆ ಹೋಗುತ್ತದೆ. ಆದರೆ ಯಾವುದಕ್ಕೆ ಏನು ಹೆಸರು ಎಂದು ಯಾರಾದರೂ ಕೇಳಿದರೆ ನಾಲಿಗೆ ತಳ ಹಿಡಿದ ಪಾಯಸವಾಗುತ್ತದೆ.

ಇವತ್ತು ಬಂಗಾರಪೇಟೆಯಲ್ಲಿ ಅವನ ಕೆಲಸದ ಪರೀಕ್ಷೆ. ಪಾಸಾದರೆ ಗೇಟು ಅವನದೇ. ಇಲ್ಲವಾದರೆ ಪಾಸಾಗುವ ತನಕ ಸ್ಟೋರಿನಲ್ಲಿ ಕೂತು ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಹಚ್ಚಬೇಕು. ಆ ಕೋಣೆಗೆ ಕಿಟಕಿಯೇ ಇಲ್ಲ.

"ಬೆಲ್ ವಿಷ್ಯ ನನ್ಗೆ ಬುಡು ತಂಬಿ," ಎನ್ನುತ್ತ ಕುಪ್ಪುಸ್ವಾಮಿ ಶರ್ಟು ತೊಟ್ಟೇ ಬಂದರು. "ಗಣಿ ಬಾಯಲ್ಲಿ ಬೆಲ್ ಒಡ್ದು ಒಡ್ದೇ ರಿಟೈರಾದೋನು ನಾನು. ಜೊತೆಗೆ ಬತ್ತೀನಿ."

"ನಿಮ್ಗ್ಯಾಕೆ ತಾತ ತೊಂದ್ರೆ."

"ಕರ್ಕೊಂಡೋಗಿ," ಎಂದಳು ಹೆಂಡತಿ ಶಶಿರೇಖ, ಬುತ್ತಿ ಕಟ್ಟುತ್ತ. "ನೀವೊಬ್ರೇ ಓದ್ರೆ ಕನಸು ಕಾಣ್ತಾ ಬೆಂಗ್ಳೂರ್ ತನ್ಕ ಓಗ್ಬುಡ್ತೀರ."

ರೈಲಿನಲ್ಲಿ ಪಾಠ ಶುರುವಾಯಿತು. "ಕೇಳ್ಕೋ. ಒಂದು ಬೆಲ್ ಒಡುದ್ರೆ ನಿಲ್ಸು. ಎರ್ಡು ಒಡುದ್ರೆ ಇಳ್ಸು. ಮೂರು ಒಡುದ್ರೆ ಕೇಜಲ್ಲಿ, ಅದೇ ಗಣಿ ಲಿಫ್ಟಲ್ಲಿ, ಮನುಷ್ರವ್ರೆ, ಮೆಲ್ಲಗೆ."

"ತಾತ, ಅದು ಗಣೀದು. ರೈಲ್ದು ಬ್ಯಾರೆ."

"ಬೆಲ್ ಯಾವ್ದಾದ್ರೇನಪ್ಪ, ಕೇಳೋ ಕಿವಿ ಒಂದೇ ಅಲ್ವಾ."

ಎದುರು ಸೀಟಿನಲ್ಲಿ ಸೊಪ್ಪಿನ ಬುಟ್ಟಿಯ ಇಂದ್ರಾಣಿ ಇದ್ದಳು. "ಬಾಯಲ್ಲಿ ಏಳುದ್ರೆ ಅಣ್ಣನ ತಲೆಗೆ ಓಗಲ್ಲ," ಎಂದು ಅವನ ಬುತ್ತಿ ಡಬ್ಬವನ್ನೇ ಎತ್ತಿಕೊಂಡು ಬಳೆಯಿಂದ ಟಣ್ ಟಣ್ ಬಾರಿಸಿದಳು. "ಇಳ್ಸು" ಎಂದಿತು ಇಡೀ ಬೋಗಿ. ಟಣ್ ಟಣ್ ಟಣ್. "ಮೆಲ್ಲಗೆ." ರೈಲು ತೊಟ್ಟಿಲಿನಂತೆ ತೂಗುತ್ತಿತ್ತು. ಕಣ್ಣು ಎಳೆಯುತ್ತಿತ್ತು. ಬಂಗಾರಪೇಟೆ ಬರುವ ಹೊತ್ತಿಗೆ ಸುಧಾಕರನ ತಲೆ, ಹಳೇ ಹಿಟ್ಟಿನ ಮೇಲೆ ಹೊಸ ಹಿಟ್ಟು ಸುರಿದ ಪಾತ್ರೆ. ಯಾವುದು ಯಾವುದೆಂದು ಬೇರ್ಪಡಿಸುವ ಹಾಗಿರಲಿಲ್ಲ.

ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರ್ ಆರುಮುಗಂ ಅವರ ಮುಖ ಎಂದೂ ಹಸಿರಾಗದ ಸಿಗ್ನಲ್ಲು. "ಮೂರು ಬೆಲ್ ಬಂದರೆ?" ಎಂದರು.

"ಕೇಜಲ್ಲಿ ಮನುಷ್ರವ್ರೆ ಸಾರ್. ಮೆಲ್ಲಗೆ ಎಳೀಬೇಕು."

ಪೆನ್ನು ನಿಂತಿತು. "ಎರಡು ಬಂದರೆ?"

"ಕೆಳಕ್ಕೆ ಇಳ್ಸೋದು ಸಾರ್."

"ಎಷ್ಟು ಕೆಳಕ್ಕೆ ಅಂತಾನೂ ಏಳು ತಂಬಿ," ಎಂದಿತು ಕಿಟಕಿಯಾಚೆಯ ದನಿ.

ಆರುಮುಗಂ ಎದ್ದು ನೋಡಿದರು. "ಪಕ್ಕದ್ಮನೆ ತಾತ ಸಾರ್, ಗಣೀಲಿದ್ದೋರು," ಎಂದ ಸುಧಾಕರ್, ಬೈಗುಳ ಕಾಯುತ್ತ. ಆದರೆ ಅವರು, "ಒಳಗೆ ಬನ್ನಿ ಅಯ್ಯಾ. ನಮ್ಮಪ್ಪನೂ ಆ ಕೇಜಲ್ಲೇ ಇಳೀತಿದ್ದೋರು," ಎಂದು ಕುರ್ಚಿ ಎಳೆದರು.

ಆಮೇಲೆ ಕುಪ್ಪುಸ್ವಾಮಿಯ ಮಾತಿನ ಬೆನ್ನು ಹಿಡಿದು ಮೂವರೂ ಗಣಿಗೆ ಇಳಿದರು. ಹಗ್ಗದ ಸದ್ದು, ಬೆಚ್ಚನೆಯ ಒದ್ದೆ ಗಾಳಿ, ಹಣೆಯ ಮೇಲಿನ ಪುಟ್ಟ ದೀಪಗಳು, ಪಾಳಿ ಮುಗಿದಾಗಿನ ಸೈರನ್ನು. ಹೊರಗೆ ಎಕ್ಸ್‌ಪ್ರೆಸ್ಸು ಹಾದುಹೋದದ್ದು ಬೇರೆ ಯಾವುದೋ ಲೋಕದಲ್ಲಿ ಎಂಬಂತಿತ್ತು. ಇನ್ಸ್‌ಪೆಕ್ಟರರ ಅಪ್ಪನಿಗೆ ಕೇಜಿನಲ್ಲಿ ಹಾಡುವ ಚಾಳಿ ಇತ್ತೆಂದು ಕುಪ್ಪುಸ್ವಾಮಿ ಹೇಳಿದಾಗ ಆರುಮುಗಂ ನಕ್ಕರು, ಕನ್ನಡಕ ಒರೆಸಿಕೊಂಡರು. ಸುಧಾಕರನಿಗೆ ಆಗಲೇ ತನ್ನ ಹೊಂಗೆ ನೆರಳು ಕಾಣುತ್ತಿತ್ತು.

"ಫೇಲ್," ಎಂದರು ಆರುಮುಗಂ. "ನಾಳೆಯಿಂದ ಸ್ಟೋರಿಗೆ ಹೋಗು. ಮುಂದಿನ ಮಂಗಳವಾರ ಮತ್ತೆ ಪರೀಕ್ಷೆ."

"ಸಾರ್, ನಗ್ತಿದ್ರಲ್ಲ ನೀವು."

"ನಕ್ಕೆ. ರೈಲಿಗೆ ಸಂಬಂಧಪಟ್ಟ ಒಂದು ಮಾತಾದರೂ ಹೇಳಿದೆಯೇನಯ್ಯಾ?"

"ಮಂಗ್ಳಾರಕ್ಕೆ ಪೂರ್ತಿ ಕಲ್ತ್ಕೊಂಡು ಬತ್ತೀನಿ ಸಾರ್. ಒಂದೂ ತಪ್ಪಲ್ಲ."

ಆರುಮುಗಂ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಅಷ್ಟೇನೂ ಆತುರ ಇಲ್ಲ. ನೀನು ಪಾಸಾಗಿಬಿಟ್ಟರೆ ತಾತ ಮತ್ಯಾಕೆ ಈ ಕಡೆ ಬರ್ತಾರೆ?"

ಸುಧಾಕರ್ ಕಾಲೆಳೆಯುತ್ತ ಪ್ಲಾಟ್‌ಫಾರಮ್ಮಿಗೆ ಬಂದ. ಕುಪ್ಪುಸ್ವಾಮಿ ಅವನ ಬೆನ್ನು ತಟ್ಟಿದರು.

"ಎದ್ರುಬ್ಯಾಡ ತಂಬಿ, ನಾನಿದೀನಿ. ಇವತ್ತು ಏಳಿದ್ದು ಬರೀ ಮೊದಲ್ನೇ ವರ್ಷದ್ದು. ಮಿಕ್ಕಿದ್ ಸರ್ವೀಸೆಲ್ಲ ಏಳಕ್ಕೆ ಇನ್ನೂ ಅಂಗೇ ಐತೆ."