ಎಲ್ಲರ ಎದೆಯ ಮೇಲೂ ನಂಬರ್ ಒಂದು

ಬಿಲ್ಲೆಗಳ ಮೇಲೆ ನಂಬರು ಹಾಕಿದ್ದೇ ಬೀರೇಶ ಮಾಡಿದ ತಪ್ಪು.

ವಾಡಿಯಲ್ಲಿ ಪುರಸಭೆ ಚುನಾವಣೆ ಬಂದಿತ್ತು. ಅವನ ಓಣಿಯಲ್ಲಂತೂ ಕಲ್ಲು ಎಸೆದರೆ ಟಿಕೆಟ್ ಆಕಾಂಕ್ಷಿಯ ತಲೆಗೇ ಬೀಳಬೇಕು, ಅಷ್ಟು ಮಂದಿ. ಅವರನ್ನು ಗೇಲಿ ಮಾಡಲೆಂದೇ ಬೀರೇಶ ಎದೆಗೆ ಚುಚ್ಚಿಕೊಳ್ಳುವ ದುಂಡನೆಯ ಬಿಲ್ಲೆ ಮಾಡಿದ. ಓಡಿಹೋಗುತ್ತಿರುವ ಒಂದು ಕುರ್ಚಿ, ಧೋತರ ಎತ್ತಿ ಹಿಡಿದು ಅದರ ಬೆನ್ನು ಹತ್ತಿದ ಒಬ್ಬ ಮನುಷ್ಯ, ಕೆಳಗೆ ‘ನಾನೂ ಆಕಾಂಕ್ಷಿ’. ಮಾಡಿದ್ದು ಇಪ್ಪತ್ತೈದೇ. ಒಂದೊಂದಕ್ಕೂ ನಂಬರು. ಮುಗಿದರೆ ಮತ್ತೆ ಸಿಗುವುದಿಲ್ಲ!

ಹಿಟ್ಟಿನ ಗಿರಣಿ ನಡೆಸುತ್ತಿದ್ದ ಹೆಂಡತಿ ಜಯಮಾಲಾ ಮಾತ್ರ ಕರಗಲಿಲ್ಲ. “ಸಂಜಿತನಾ ಎಲ್ಲಾ ಖಾಲಿ ಆಗ್ಲಿಲ್ಲಂದ್ರ ನಾಳಿಂದ ನೀವು ಗಿರಣ್ಯಾಗ ಕುಂದರ್ಬೇಕು ನೋಡ್ರಿ.”

“ಆಯ್ತು, ಶರ್ತ!” ಎಂದ ಬೀರೇಶ. ಕಲಾವಿದನಾದವನು ಜೋಳ ಬೀಸುವುದೆಂದರೇನು?

ಮತೀನನ ಚಹಾ ಹೋಟೆಲಿನ ಮುಂದೆ ಬಿಲ್ಲೆ ಹರಡಿದ. ಮೊದಲು ಬಂದವನು ಪಕ್ಕದ ಮನೆಯ ಖಂಡೆಪ್ಪ, ಪ್ರತಿ ಚುನಾವಣೆಗೂ ತಪ್ಪದ ಆಕಾಂಕ್ಷಿ. ಬಡಿಯುತ್ತಾನೇನೋ ಎಂದು ಬೀರೇಶ ಒಂದು ಹೆಜ್ಜೆ ಹಿಂದೆ ಸರಿದ. ಖಂಡೆಪ್ಪನ ಮುಖ ಮಾತ್ರ ಅರಳಿತು.

“ಏ ಬೀರ್ಯಾ, ನನ್ನ ಚಿತ್ರ ಭಾಳ ಛಂದ ತಗದೀಯಲ್ಲೋ! ಕುರ್ಚಿ ಇನ್ನೇನು ಕೈಗಿ ಸಿಕ್ಕಂಗೇ ಅದ!”

“ಕಾಕಾ, ಅದು ಚ್ಯಾಷ್ಟಿ ರೀ...”

“ಇರ್ಲಿ ಬಿಡು. ನಂಬರ್ ಒಂದು ನನಗ ಕೊಡು.”

ಅದನ್ನು ನೋಡಿದ ಮತೀನ ಚಹಾ ಸೋಸುತ್ತಲೇ ಸುದ್ದಿ ಹಬ್ಬಿಸಿದ: ಸಂಜೆಯ ಸಭೆಗೆ ಪಕ್ಷದ ಹಿರಿಯ ಜಗದೇವಪ್ಪ ಮುತ್ತ್ಯಾ ಬರುತ್ತಾರೆ, ಬಿಲ್ಲೆಯ ನಂಬರಿನ ಪ್ರಕಾರವೇ ಟಿಕೆಟ್! ಅಲ್ಲಿಗೆ ಆಕಾಂಕ್ಷಿಗಳೆಲ್ಲ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಮುತ್ತಿದರು. ಆದರೆ ಎರಡನೇ ನಂಬರನ್ನಾಗಲಿ ಅದರ ಮುಂದಿನದನ್ನಾಗಲಿ ಯಾರೂ ಮುಟ್ಟಲೊಲ್ಲರು.

“ನಾ ಏನು ಖಂಡೆಪ್ಪನ ಬಾಲ ಏನೋ?” ಎಂದು ಅವರಲ್ಲೊಬ್ಬ, ಬಸವಲಿಂಗ, ಸಿಡಿದ. “ಒಂದು ಇದ್ರ ಕೊಡು, ಇಲ್ಲಂದ್ರ ಬ್ಯಾಡ.”

ಮಧ್ಯಾಹ್ನವಾದರೂ ಎರಡನೆಯ ಬಿಲ್ಲೆ ಹೋಗಲಿಲ್ಲ. ಗಿರಣಿಯ ಬಾಗಿಲಲ್ಲಿ ನಿಂತು ಜಯಮಾಲಾ ನಗುತ್ತಿದ್ದಳು. ಮತೀನ ಕಿವಿಯಲ್ಲಿ ಉಸುರಿದ: “ಎಲ್ಲಾದಕ್ಕೂ ಒಂದೇ ಹಾಕು ಅಣ್ಣಾ. ಯಾರ ಎದಿ ಯಾರು ನೋಡ್ತಾರ?”

ಬೀರೇಶ ಮನೆಗೆ ಓಡಿದ. ಖಟ್, ಖಟ್ ಎಂದು ಬಿಲ್ಲೆ ಮಾಡುವ ಯಂತ್ರ ಒತ್ತಿ ಉಳಿದ ಇಪ್ಪತ್ತನಾಲ್ಕನ್ನೂ ನಂಬರ್ ಒಂದು ಮಾಡಿದ. ಒಂದೊಂದನ್ನೇ ಕಾಗದದಲ್ಲಿ ಸುತ್ತಿ, “ಸಭಾತನಾ ಬಿಚ್ಚಬ್ಯಾಡ್ರಿ, ನಿಮಗಷ್ಟೇ ಇಟ್ಟಿದ್ದೆ,” ಎಂದು ಕೈಗಿಟ್ಟ. ಸಂಜೆಗೆ ಮುಂಚೆಯೇ ಎಲ್ಲ ಖಾಲಿ! ಶರ್ತ ಗೆದ್ದ ಬೀರೇಶ ಓಣಿಯಲ್ಲೇ ಒಂದು ಸುತ್ತು ಕುಣಿದುಬಿಟ್ಟ.

ಸಭೆಯಲ್ಲಿ ಇಪ್ಪತ್ತೈದು ಮಂದಿ ಎದೆಯುಬ್ಬಿಸಿ ಕುಳಿತರು. ಇಪ್ಪತ್ತೈದೂ ಎದೆಯ ಮೇಲೆ ನಂಬರ್ ಒಂದು. ಒಬ್ಬರ ಎದೆ ಒಬ್ಬರು ನೋಡಿದರು, ಕೊರಳಪಟ್ಟಿಗೆ ಕೈ ಹೋಯಿತು. ಕಡೆಗೆ ಎಲ್ಲರೂ ಸೇರಿ ನೆಲಕ್ಕೆ ಹಾಸುವ ಫರ್ಸಿಕಲ್ಲಿನ ರಾಶಿಯ ಹಿಂದೆ ಅವಿತಿದ್ದ ಬೀರೇಶನನ್ನು ಎಳೆತಂದು ಜಗದೇವಪ್ಪನ ಮುಂದೆ ನಿಲ್ಲಿಸಿದರು.

“ಎಲ್ಲರಿಗೂ ಒಂದನೇ ನಂಬರ್ ಕೊಟ್ಟಾಂವ ನೀನೇನು?”

“ಹೌದ್ರಿ ಮುತ್ತ್ಯಾ... ತಪ್ಪಾಯ್ತು.”

“ತಪ್ಪೇನು ಬಂತೋ? ಇಷ್ಟು ವರ್ಷ ನಾ ಮಾಡಾಕತ್ತಿದ್ದೂ ಇದನ್ನೇ!” ಮುತ್ತ್ಯಾ ಬೆನ್ನು ಚಪ್ಪರಿಸಿದರು. “ಇವರೊಳಗ ಒಬ್ಬಂಗ ಕೊಟ್ರ ಉಳಿದಾವ್ರು ಹೊಡದಾಡ್ತಾರ. ಟಿಕೆಟ್ ನಿನ್ನ ಮನಿಗೇ!”

ಬೀರೇಶ ಹಾರಕ್ಕೆಂದು ಆಗಲೇ ಕೊರಳು ಚಾಚಿದ.

“ಆದ್ರ ನಿನಗಲ್ಲ. ವಾರ್ಡು ಹೆಣ್ಮಕ್ಕಳಿಗಿ ಮೀಸಲಾಗ್ಯಾದಂತ ಈಗ ಫೋನ್ ಬಂತು. ಜಯಮಾಲಾನ ಕರಿ. ಆಕಿ ಗಿರಣಿಗಿ ಬರಲಾರದ ಮನಿ ಯಾವುದದ ಈ ಓಣ್ಯಾಗ?”

ಕರೆಯಲೆಂದು ಬೀರೇಶ ಮನೆಗೆ ಬರುವಷ್ಟರಲ್ಲಿ ಜಯಮಾಲಾಳ ಕೊರಳಲ್ಲಿ ಹಾರ ಬಿದ್ದಿತ್ತು.

“ಶರ್ತ ನಾ ಗೆದ್ದೀನಿ ನೋಡು,” ಎಂದ ಬೀರೇಶ, ಸಣ್ಣ ದನಿಯಲ್ಲಿ. “ನಿನ್ನ ಪ್ರಚಾರದ ಬಿಲ್ಲೆ ನಾನೇ ಮಾಡ್ತೀನಿ.”

“ಬಿಲ್ಲೆ ಹೊರಗ ಮಾಡಸ್ತಾರಂತ. ನಿಮ್ಮ ಮ್ಯಾಲ ಮುತ್ತ್ಯಾಗ ಭರೋಸಾ ಇಲ್ಲ,” ಎಂದು ಜಯಮಾಲಾ ಸೆರಗಿನ ಗಂಟು ಬಿಚ್ಚಿ ಗಿರಣಿಯ ಬೀಗದ ಕೈ ತೆಗೆದಳು. “ಗೆದ್ದೀರಿ, ಖರೇ. ಆದ್ರ ನಾಳಿಂದ ನಾ ಓಟು ಕೇಳಾಕ ಹೋದ್ರ ಗಿರಣ್ಯಾಗ ಯಾರು ಕುಂದರ್ತಾರ್ರಿ?”