ಹಸಿದವನ ಪಾತ್ರ

ತಪ್ಪೆಲ್ಲ ಪ್ರದ್ಯುಮ್ನ ಹಿಂದಿನ ದಿನ ಗ್ರೂಪಿಗೆ ಹಾಕಿದ ಮೆಸೇಜಿನದು. ‘ಕಾಂತರಾಜು, ನಾಳೆ ಶೂಟಿಂಗ್ ಮುಗಿಯುವವರೆಗೆ ಏನೂ ತಿನ್ನಬೇಡ. ಹಸಿವು ಮುಖದಲ್ಲಿ ಕಾಣಬೇಕು.’ ನಿರ್ದೇಶಕನಾದವನು ಮಾದರಿಯಾಗಿರಬೇಕೆಂದು ತಾನೂ ಅಮ್ಮನ ದೋಸೆಗೆ ಕೈಮುಗಿದು ಹಾಸನದಲ್ಲಿ ಬಸ್ಸು ಹತ್ತಿದ.

ಕಾಲೇಜಿನ ಕಿರುಚಿತ್ರಕ್ಕೆ ಮೂವರ ತಂಡ. ಪ್ರದ್ಯುಮ್ನ ನಿರ್ದೇಶಕ, ಕಾಂತರಾಜು ನಟ, ಮೇಘಶ್ರೀ ಕ್ಯಾಮೆರಾ, ಅಂದರೆ ಅವಳ ಫೋನು. ಗಡುವಿನ ಮೇಲೆ ಗಡುವು ತಪ್ಪಿಸಿದ್ದಕ್ಕೆ ಸುದರ್ಶನ್ ಸರ್ ಕಡೆಯ ಮಾತು ಹೇಳಿಬಿಟ್ಟಿದ್ದರು: ಇವತ್ತು ಸಂಜೆಯೊಳಗೆ ಒಂದಾದರೂ ಒಳ್ಳೆಯ ದೃಶ್ಯ ಬರಬೇಕು, ಇಲ್ಲದಿದ್ದರೆ ನಿರ್ದೇಶಕ ಬದಲು. ಟೀಶರ್ಟಿನ ಬೆನ್ನಿಗೆ ‘ನಿರ್ದೇಶಕ’ ಎಂದು ಅಚ್ಚು ಹಾಕಿಸಿಕೊಂಡಿದ್ದ ಪ್ರದ್ಯುಮ್ನನಿಗೆ ಆ ಪಟ್ಟದ ಮೇಲೆ ಪ್ರಾಣ.

ಜಾಗ ಬಾಗೂರಿನಲ್ಲಿ ಮೇಘಶ್ರೀಯ ಅಜ್ಜಿ ನಂಜಮ್ಮನ ಮನೆ. ಹಸಿದವನೊಬ್ಬ ಬಾಗಿಲಿಗೆ ಬಂದು ತುತ್ತು ಕೇಳುತ್ತಾನೆ. ಮನೆಯಾಕೆ ‘ಇಲ್ಲ, ಮುಂದಕ್ಕೆ ಹೋಗು’ ಅನ್ನುತ್ತಾಳೆ. ಅವನು ಜಗಲಿಯ ಮೇಲೆ ಕುಸಿಯುತ್ತಾನೆ. ಇಷ್ಟೇ ದೃಶ್ಯ. ಅಜ್ಜಿಯೇ ಮನೆಯಾಕೆ.

“ಆಕ್ಷನ್” ಎಂದ ಪ್ರದ್ಯುಮ್ನ.

“ಅವ್ವಾ, ಒಂದ್ ತುತ್ತು ಏನಾರ ಕೊಡವ್ವಾ” ಎಂದ ಕಾಂತರಾಜು.

ನಂಜಮ್ಮ ಅವನ ಮುಖವನ್ನೇ ನೋಡಿದಳು. “ಬಾ ಮಗ, ಕೈ ತೊಳ್ಕೊ. ಈಗ್ತಾನೆ ಮುದ್ದೆ ಕಟ್ಟಿವ್ನಿ.”

“ಅಜ್ಜಿ, ನೀವು ಇಲ್ಲ ಅನ್ಬೇಕು.”

“ಇಲ್ಲ ಅನ್ನಕ್ಕೆ ಮುದ್ದೆ ಅದಲ್ಲಪ್ಪ.”

“ಇದು ಬರೀ ನಟನೆ ಅಜ್ಜಿ.”

“ನೆನ್ನೆಯಿಂದ ಏನೂ ತಿಂದಿಲ್ವಂತೆ, ಅದೂ ನಟನೆಯಾ? ಒಸ್ಲತಾವ ನಿಂತೋನಿಗೆ ಇಲ್ಲ ಅನ್ನೋ ಪಾಪ ನಂಗ್ಯಾಕಪ್ಪ. ನೀನೂ ಬಾ, ಕೂತ್ಕೊ.”

“ಶಾಟ್ ಆಗ್ಲಿ ಅಜ್ಜಿ, ಆಮೇಲೆ” ಎಂದ ಪ್ರದ್ಯುಮ್ನ, ಗತ್ತಿನಿಂದ. ಆ ಗತ್ತು ಅವನಿಗೆ ದುಬಾರಿಯಾಯಿತು.

ಮೊದಲ ಟೇಕಿಗೆ ಕಾಂತರಾಜುವಿನ ಹೊಟ್ಟೆಗೆ ಹುರುಳಿಸಾರಿನ ಜೊತೆ ಮುದ್ದೆ ಇಳಿಯಿತು. ಮರು ಟೇಕಿಗೆ ಅನ್ನ, ಮಜ್ಜಿಗೆ. ಅದರ ಮರು ಟೇಕಿನಲ್ಲಿ ನಂಜಮ್ಮ ಕಣ್ಣುಮುಚ್ಚಿ “ಇಲ್ಲ” ಎಂದವಳು, “ಅಂತ ಎಂಗಪ್ಪ ಅನ್ಲಿ, ಬಾ” ಎಂದು ಮತ್ತೆ ಎಲೆ ಹಾಕಿದಳು. ಪ್ರದ್ಯುಮ್ನನ ಹೊಟ್ಟೆ ಸಾರಿನ ವಾಸನೆಗೆ ಸದ್ದು ಮಾಡುತ್ತಿತ್ತು.

ಎದುರು ಮನೆಯ ಚಿಕ್ಕಯ್ಯ ಬೆಳಗಿನಿಂದ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದ. ಕೊನೆಗೆ ತಡೆಯಲಾರದೆ ಎದ್ದು ಬಂದ.

“ನಮ್ಮನೆತಾವ ಬನ್ನಿ ಸಾ. ಬಯ್ಯೋದ್ರಲ್ಲಿ ನಮ್ಮೆಂಗ್ಸು ಎತ್ತಿದ ಕೈ. ದಿನಾ ನಂಗೇ ಇಲ್ಲ ಅಂತಾಳೆ.”

ತಂಡ ಅಲ್ಲಿಗೆ ಹೋಯಿತು. ಚಿಕ್ಕಯ್ಯನ ಹೆಂಡತಿ ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು ಬಾಗಿಲಿಗೆ ಬಂದಳು. ಫೋನು ನೋಡಿ ನಕ್ಕಳು. “ಬಾ ತಮ್ಮ, ಒಬ್ಬಟ್ಟು ಅದೆ” ಎಂದಳು. ಯುಗಾದಿ ಕಳೆದ ಮೇಲೆ ತನ್ನ ಮನೆಯಲ್ಲಿ ಒಬ್ಬಟ್ಟಿನ ಸುದ್ದಿಯನ್ನೇ ಕೇಳಿರದ ಚಿಕ್ಕಯ್ಯ ತನ್ನ ಕಟ್ಟೆಗೆ ವಾಪಸಾದ.

ಕಾಂತರಾಜು ಒಬ್ಬಟ್ಟನ್ನೂ ಮುಗಿಸಿ, ತೇಗಿ, ನಂಜಮ್ಮನ ಜಗಲಿಯ ತುದಿಯಲ್ಲಿ ಅಂಗಾತ ಮಲಗಿ ಗೊರಕೆ ಶುರುಮಾಡಿದ. ಎಬ್ಬಿಸಿದರೆ “ತಟ್ಗೆ ತಾಳ್ಲಾ” ಎಂದು ಮಗ್ಗುಲಾಗಿ, ಮತ್ತೆ ಅಂಗಾತ ಹೊರಳಿದ. ಬಸ್ಸಿನ ಹೊತ್ತಾಗುತ್ತಿತ್ತು. ಬೇರೆ ದಾರಿಯಿಲ್ಲದೆ ಪ್ರದ್ಯುಮ್ನ ತಾನೇ ಹೊಸಿಲ ಮುಂದೆ ನಿಂತ.

“ಅಮ್ಮಾ, ಹಸಿವು. ಒಂದು ತುತ್ತು...”

ಮಾತು ನೇರವಾಗಿ ಹೊಟ್ಟೆಯಿಂದ ಬಂದಿತ್ತು. ನಂಜಮ್ಮನ ಕಣ್ಣು ತುಂಬಿತು. ಒಳಗೆ ಹೋಗಿ ಮಡಕೆ ಬಗ್ಗಿಸಿ ನೋಡಿ ಬಂದಳು.

“ಇಲ್ಲ ಕಣಪ್ಪ” ಎಂದಳು. “ಮುಂದ್ಲ ಮನೆಗಾರ ಓಗು.”

ಪ್ರದ್ಯುಮ್ನ ಕುಸಿದ. ಅದರಲ್ಲಿ ನಟನೆ ಎಷ್ಟಿತ್ತೋ ಅವನಿಗೇ ಗೊತ್ತಾಗಲಿಲ್ಲ. ಇಂಥ ಟೇಕು ಕಾಲೇಜಿನ ಚರಿತ್ರೆಯಲ್ಲೇ ಇಲ್ಲವೆಂದು ಕಣ್ಣುಮುಚ್ಚಿಯೇ ಹಿಗ್ಗಿದ. ಸ್ವಲ್ಪ ಹೊತ್ತಾದ ಮೇಲೆ ‘ಕಟ್’ ಅನ್ನಬೇಕಾದವನು ತಾನೇ ಎಂದು ನೆನಪಾಗಿ ಕಣ್ಣು ಬಿಟ್ಟರೆ ಮೇಘಶ್ರೀ ಅಲ್ಲಿರಲಿಲ್ಲ.

ಅವಳು ಚಿಕ್ಕಯ್ಯನ ಮನೆಯಿಂದ ಬರಿಗೈಯಲ್ಲಿ ಓಡಿಬಂದಳು. “ನೀನು ಅಮ್ಮಾ ಅಂದಾಗ್ಲೇ ತಡ್ಕೊಳ್ಳಕ್ಕಾಗ್ಲಿಲ್ಲ ಕಣೋ. ಏನಾದ್ರೂ ತರೋಣ ಅಂತ ಓಡ್ದೆ. ಅಲ್ಲೂ ಕಾಂತ ಎಲ್ಲ ಖಾಲಿ ಮಾಡ್ಬಿಟ್ಟವ್ನೆ.”

“ಫೋನು?”

ಓಡುವ ಅವಸರದಲ್ಲಿ ಅವಳು ಇಟ್ಟುಹೋದ ಫೋನು ಒರಳುಕಲ್ಲಿಗೆ ಒರಗಿ, ಜಗಲಿಯ ತುದಿಯತ್ತ ಮುಖಮಾಡಿ, ಮಲಗಿದ್ದ ಕಾಂತರಾಜುವನ್ನು ನಿಷ್ಠೆಯಿಂದ ಚಿತ್ರಿಸುತ್ತಿತ್ತು. ಅಷ್ಟರಲ್ಲಿ ಬಸ್ಸು ಹಾರನ್ ಹೊಡೆಯಿತು.

ಉಳಿದ ಟೇಕುಗಳಲ್ಲೆಲ್ಲ ಕಾಂತರಾಜು ಉಣ್ಣುತ್ತಿದ್ದ. ಬೇರೇನೂ ತೋಚದೆ ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಪ್ರದ್ಯುಮ್ನ ಆ ಗೊರಕೆಯನ್ನೇ ಸರ್‌ಗೆ ಕಳಿಸಿ, ಕೆಳಗಿಳಿದು ವಡೆಯ ಪೊಟ್ಟಣ ತಂದ. ಬಿಚ್ಚುವಷ್ಟರಲ್ಲಿ ಫೋನು ಬಂತು. ಮೇಘಶ್ರೀ ಸ್ಪೀಕರಿಗೆ ಹಾಕಿದಳು.

ಆ ಕಡೆ ಸುದರ್ಶನ್ ಸರ್. “ಏನ್ರಯ್ಯಾ ಇದು. ಆ ಕೊನೆಯುಸಿರಿನ ಸದ್ದು ಕೇಳಿ ಕಣ್ಣಲ್ಲಿ ನೀರು ಬಂತು. ಹಸಿವಿಂದ ಹೊಟ್ಟೆ ಊದ್ಕೊಂಡಿರೋದನ್ನೂ ಬಿಟ್ಟಿಲ್ಲ. ಯಾರ ಕಲ್ಪನೆ ಇದು?”

ಪ್ರದ್ಯುಮ್ನ ಬಾಯಿ ತೆರೆದ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮೇಘಶ್ರೀ ಮೊದಲೇ ಹೇಳಿಬಿಟ್ಟಳು: “ಯಾರೂ ಹೇಳ್ಕೊಟ್ಟಿಲ್ಲ ಸರ್. ಕಾಂತರಾಜೇ ಹೋಗಿ ಮಲಕ್ಕೊಂಡ.”

“ಹಾಗಾದ್ರೆ ನಾಳೆಯಿಂದ ಅವನೇ ನಿರ್ದೇಶಕ” ಎಂದು ಸರ್ ಫೋನಿಟ್ಟರು.

ಹಿಂದಿನ ಸೀಟಿನಲ್ಲಿ ಒರಗಿದ್ದ ಕಾಂತರಾಜು ಬಾಯಿ ಒರೆಸಿಕೊಂಡು ಎದ್ದು ಕೂತ. ಕೊಂಚ ಯೋಚಿಸಿದ. ಮುಂದಕ್ಕೆ ಬಾಗಿ ಪ್ರದ್ಯುಮ್ನನ ಕೈಯಿಂದ ಪೊಟ್ಟಣವನ್ನು ಮೆಲ್ಲಗೆ ಬಿಡಿಸಿಕೊಂಡ.

“ನಾನಂತೂ ಸತ್ತೋದೆ. ಉಳ್ದಿರೋ ಪಾರ್ಟಲ್ಲಿ ನನ್ ತಮ್ಮ ನೀನು ಕಣ್ಲಾ, ನಿಂಗೂ ಹಸಿವು. ನಾಳೆ ಶೂಟಿಂಗ್ ಮುಗಿಯಗಂಟ ಏನೂ ತಿನ್ಬ್ಯಾಡ. ಮಕದಲ್ಲಿ ಕಾಣ್ಬೇಕು” ಎಂದು ಹೇಳಿ, ವಡೆಯನ್ನು ಬಾಯಿಗಿಟ್ಟುಕೊಂಡ.